ಕಾಲಿನ ಹಿಂದೆ ಬೀಳುವ ಪೆಟ್ಟು

ನಮ್ಮ ಮನೆಯ ಬೀರುವಿನ ಹಿಂದೆ ಜೇಡರಬಲೆ ಕಟ್ಟಿದರೆ ತೆಗೆಯುವುದಕ್ಕೆ ಒಂದು ವಿಶೇಷ ಕೋಲಿದೆ. ಮೊಳದುದ್ದದ ಬೇವಿನ ಕೋಲು, ಅದರ ತುದಿಗೆ ಮೂಸಂಬಿ ಗಾತ್ರದ ಒಂದು ಉಂಡೆ. ಉಂಡೆಯ ಮೇಲೆ ಸುತ್ತಿರುವುದು ರೇಷ್ಮೆ. ಹೌದು, ಮಗ್ಗದಿಂದ ಉಳಿದ ಅಪ್ಪಟ ಮೊಳಕಾಲ್ಮೂರಿನ ರೇಷ್ಮೆ ಎಳೆ. ಒಂದು ಕಾಲಕ್ಕೆ ಅದರಲ್ಲಿ ಕೆಂಪು, ಹಸಿರು, ಅರಿಶಿನ ಎಲ್ಲ ಬಣ್ಣವೂ ಇತ್ತು. ಈಗ ಎಲ್ಲವೂ ಧೂಳಿನ ಬಣ್ಣಕ್ಕೆ ಬಂದು ನಿಂತಿವೆ. ಇಷ್ಟು ಅಂತಸ್ತಿನ ಪೊರಕೆ ಚಳ್ಳಕೆರೆಯ ಇನ್ನೊಂದು ಮನೆಯಲ್ಲಿ ಇರಲಾರದು.

"ಅದು ಡ್ರಮ್ ಬಾರಿಸೋ ಕೋಲು ಕಣೆ ಗಿರಿಜಾ!" ಎಂದು ನಾನು ಕೂಗಿದಾಗಲೆಲ್ಲ ನನ್ನ ಹೆಂಡತಿ ಕುರ್ಚಿಯ ಮೇಲೆ ನಿಂತೇ ಕೇಳುತ್ತಾಳೆ: "ಡ್ರಮ್ ಎಲ್ಲೈತ್ರೀ?"

ಮದುವೆಯಾದಂದಿನಿಂದ ಈ ಪ್ರಶ್ನೆ ನಡೆದೇ ಇದೆ. ನಾನು ಹೋಗಿ ಕುರ್ಚಿ ಹಿಡಿದುಕೊಳ್ಳುತ್ತೇನೆ.

ನಾನು ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವವನು. ದಿನವಿಡೀ ಜನರಿಗೆ "ಅಲ್ಲಾಡಬೇಡಿ" ಎಂದು ಹೇಳಿ ಹೊಟ್ಟೆ ಹೊರೆಯುವವನು. ಆದರೆ ಹೊರಗೆ ರಸ್ತೆಯಲ್ಲಿ ಯಾವುದಾದರೂ ಮೆರವಣಿಗೆಯ ಬ್ಯಾಂಡು ಹಾದುಹೋದರೆ ಮುಗಿಯಿತು, ನನ್ನ ಎಡಗಾಲು ನನ್ನನ್ನು ಕೇಳದೆಯೇ ಕೆಲಸ ಶುರುಮಾಡುತ್ತದೆ. ಒಮ್ಮೆ ಈರುಳ್ಳಿ ಮಂಡಿಯ ಸಾಹೇಬರೊಬ್ಬರು ಪಾಸ್‌ಪೋರ್ಟ್ ಫೋಟೋಗೆ ಕೂತಿದ್ದರು. ನಾನು ಅಭ್ಯಾಸದಂತೆ "ಅಲ್ಲಾಡಬೇಡಿ" ಅಂದೆ. "ಅರೆ ಭಾಯ್, ನಾನು ಕಲ್ಲಿನಂಗೆ ಕುಂತೀನಿ. ಪೈಲೇ, ಮೊದ್ಲು, ನೀವು ಅಲ್ಲಾಡೋದು ನಿಲ್ಸಿ" ಅಂದರು ಅವರು. ಆ ಫೋಟೋವನ್ನು ಎರಡನೇ ಸಲ ತೆಗೆಯಬೇಕಾಯಿತು.

ಈ ಕಾಲಿನ ಕಾಯಿಲೆ ನನಗೆ ಅಂಟಿದ್ದು ಮೊಳಕಾಲ್ಮೂರಿನಲ್ಲಿ. ಅಲ್ಲಿ ನಮ್ಮದು ನೇಕಾರರ ಮನೆ. ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ. ನಡುಮನೆಯಲ್ಲಿ ಗುಂಡಿ ತೋಡಿ ಕೂರಿಸಿದ ಮಗ್ಗ. ಅಪ್ಪ ಬೆಳಗ್ಗೆ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆಂದರೆ ಮನೆಗೆ ಗಡಿಯಾರ ಬೇಕಿರಲಿಲ್ಲ. ಕಾಲು ಹಲಗೆ ತುಳಿಯುತ್ತದೆ, ನೂಲು ಬಾಯಿ ಬಿಡುತ್ತದೆ, ಆ ಬಾಯೊಳಗೆ ಅಡ್ಡ ಎಳೆ ಹೊತ್ತ ಲಾಳಿ ಓಡುತ್ತದೆ, ಆಮೇಲೆ ಎಳೆಯನ್ನು ಒತ್ತುವ ಹಣಿಗೆ ಬಂದು ಟಪ್ ಎಂದು ಬಡಿಯುತ್ತದೆ. ತುಳಿತಕ್ಕೂ ಬಡಿತಕ್ಕೂ ನಡುವೆ ಲಾಳಿ ಓಡುವಷ್ಟು ಬಿಡುವು. ನಾವು ತೊಟ್ಟಿಲಲ್ಲಿ ಕೇಳಿದ ಜೋಗುಳವೇ ಅದು. ನಾನು ಮೊದಲ ಸಲ ಮಗ್ಗಕ್ಕೆ ಕೂತು ಕಾಲನ್ನೂ ಕೈಯನ್ನೂ ಒಟ್ಟಿಗೆ ಆಡಿಸಿ ಎಳೆ ಹರಿದಾಗ ಅವ್ವ ಬೆನ್ನಿಗೆ ಒಂದು ಕೊಟ್ಟು ಹೇಳಿದ್ದಳು: "ಕಾಲು ಮುಂದರ, ಚೆಯ್ಯಿ ವೆನಕ!" ಕಾಲು ಮೊದಲು, ಕೈ ಆಮೇಲೆ. ನನ್ನ ಬಾಳಿನಲ್ಲಿ ನಾನು ಸರಿಯಾಗಿ ಕಲಿತ ಏಕೈಕ ಪಾಠ ಇದು. ಇದೇ ಪಾಠ ಹೈಸ್ಕೂಲಿನಲ್ಲಿ ನನ್ನ ಮಾನ ಕಳೆಯಿತು.

ನಮ್ಮ ಡ್ರಿಲ್ ಮೇಷ್ಟ್ರು ರುದ್ರಪ್ಪನವರು. ಕೊಂಡ್ಲಹಳ್ಳಿಯವರು. ಯೌವನದಲ್ಲಿ ಯಾವುದೋ ಪೊಲೀಸ್ ಬ್ಯಾಂಡಿನಲ್ಲಿ ಕೆಲವು ಕಾಲ ಇದ್ದು ಬಂದವರು. ಅವರು ನಮ್ಮ ಶಾಲೆಗೆ ಬಂದವರೇ ಒಂದು ಬ್ಯಾಂಡು ಕಟ್ಟಿದರು. ಆರು ಸಣ್ಣ ಡ್ರಮ್, ಎಂಟು ಕೊಳಲು, ಒಂದು ಜೊತೆ ತಾಳ, ಒಂದು ದೊಡ್ಡ ಡ್ರಮ್. ನನ್ನ ಎದೆ ಅಗಲವಿದೆ ಎಂಬ ಒಂದೇ ಅರ್ಹತೆಯ ಮೇಲೆ ದೊಡ್ಡ ಡ್ರಮ್ಮನ್ನು ನನಗೆ ಕಟ್ಟಿದರು. ಅದನ್ನು ಕಟ್ಟಿಕೊಂಡರೆ ಎದುರಿನ ದಾರಿ ಕಾಣುತ್ತಿರಲಿಲ್ಲ. ಒಮ್ಮೆ ನಾನು ನಡೆದು ನಡೆದು ನೇರವಾಗಿ ಹೆಡ್‌ಮಾಸ್ಟರ ಕೋಣೆಗೇ ನುಗ್ಗಿದ್ದುಂಟು.

ಬ್ಯಾಂಡಿನವರು ಹೆಜ್ಜೆ ಹಾಕುತ್ತ ನುಡಿಸುವುದನ್ನು ನಾವು 'ನಡೆ' ಅನ್ನುತ್ತಿದ್ದೆವು. ಎಡಗಾಲು ನೆಲಕ್ಕೆ ಬೀಳುವ ಕ್ಷಣಕ್ಕೇ ದೊಡ್ಡ ಡ್ರಮ್ಮಿನ ಪೆಟ್ಟೂ ಬೀಳಬೇಕು. ಲೋಕದ ಎಲ್ಲ ಬ್ಯಾಂಡಿನ ನಿಯಮ ಇದು. ನನ್ನ ಕಾಲು ಬೀಳುತ್ತಿತ್ತು, ಕೈ ಮಾತ್ರ ಲಾಳಿ ಓಡುವಷ್ಟು ಹೊತ್ತು ಕಾದು ಆಮೇಲೆ ಬೀಳುತ್ತಿತ್ತು. ಮೇಷ್ಟ್ರು ಬೈದರು, ಮೀನಖಂಡಕ್ಕೆ ಬಾರಿಸಿದರು, ಮೈದಾನ ಸುತ್ತಿಸಿದರು. ಊಹೂಂ. ನನ್ನನ್ನು ಇಳಿಸಿ ಇನ್ನೊಬ್ಬನಿಗೆ ಕಟ್ಟಿದರು. ಅವನೂ ನೇಕಾರರ ಮಗ. ಅವನದೂ ಅದೇ ರೋಗ.

ಕೊನೆಗೆ ಮೇಷ್ಟ್ರು ದೂರು ಹೇಳಲು ನಮ್ಮ ಮನೆಗೇ ಬಂದರು. ಅಪ್ಪ ನೇಯುತ್ತಿದ್ದರು. ಸೀರೆಯ ಅಂಚು ನಡೆಯುತ್ತಿದ್ದುದರಿಂದ ಏಳುವಂತಿರಲಿಲ್ಲ. "ಕೂತ್ಕಳ್ರಿ ಮೇಷ್ಟ್ರೇ, ಬಂದೆ" ಅಂದರು. ಮೇಷ್ಟ್ರು ಕೂರಲಿಲ್ಲ. ಬಾಗಿಲಲ್ಲೇ ನಿಂತು ಅಪ್ಪನ ಕಾಲನ್ನೊಮ್ಮೆ, ಕೈಯನ್ನೊಮ್ಮೆ ನೋಡಿದರು. ಅವ್ವ ಕೊಟ್ಟ ಮಜ್ಜಿಗೆ ಕುಡಿದರು. ಅಪ್ಪ ಏಳುವ ಹೊತ್ತಿಗೆ ದೂರು ಹೇಳದೆಯೇ ಹೊರಟುಹೋಗಿದ್ದರು. ಮಾರನೆಯ ದಿನ ಮೈದಾನದಲ್ಲಿ ನನಗೆ ಡ್ರಮ್ ವಾಪಸ್ಸು ಕಟ್ಟಿ, ಮಿಕ್ಕವರ ಕಡೆ ತಿರುಗಿ ಹೇಳಿದರು: "ಲೇ, ಇವನ್ ತಪ್ಪಲ್ಲ ಅದು. ಇನ್ಮೇಲೆ ಎಲ್ಲಾರೂ ಕಾಯ್ರಿ. ಕಾಲು ಹಾಕ್ರಿ, ಅವನ್ ಪೆಟ್ಟು ಬಿದ್ದ ಮ್ಯಾಲೆ ಶುರು ಹಚ್ರಿ."

ಹಾಗೆ ಹುಟ್ಟಿತು ನಮ್ಮ ನಡೆ. ಅವ್ವ ಸಂತೋಷದಿಂದ ನನ್ನ ಕೋಲಿನ ತುದಿಗೆ ಉಳಿದ ರೇಷ್ಮೆ ಸುತ್ತಿಕೊಟ್ಟಳು. ಅದರಿಂದ ಪೆಟ್ಟಿಗೆ ಒಂದು ದುಂಡನೆಯ ದನಿ ಬಂತು. ಮೊಳಕಾಲ್ಮೂರು, ಚಳ್ಳಕೆರೆ ಎರಡೂ ತಾಲ್ಲೂಕಿನ ಶಾಲೆಗಳು ಸೇರುವ ಚಳ್ಳಕೆರೆಯ ಸ್ಪರ್ಧೆಯಲ್ಲಿ ನಮಗೆ ಎರಡನೇ ಬಹುಮಾನ ಬಂತು. ತೀರ್ಪುಗಾರರು ಚೀಟಿಯಲ್ಲಿ ಬರೆದಿದ್ದರು: 'ದೊಡ್ಡ ಡ್ರಮ್ ಹೆಜ್ಜೆಗಿಂತ ಹಿಂದೆ ಬೀಳುತ್ತಿದೆ. ಸರಿಪಡಿಸಿಕೊಳ್ಳಬೇಕು.' ಮೇಷ್ಟ್ರು ಆ ಚೀಟಿಯನ್ನು ಬ್ಯಾಂಡ್ ಸಾಮಾನಿನ ಕೋಣೆಯ ಗೋಡೆಗೆ ಅಂಟಿಸಿದರು. ಸರಿಪಡಿಸಲು ಮಾತ್ರ ಹೋಗಲಿಲ್ಲ. ಆಮೇಲಿನ ವರ್ಷಗಳಲ್ಲಿ ಚಳ್ಳಕೆರೆಯ ಜನ ಅದಕ್ಕೇ ಕಾಯತೊಡಗಿದರು. "ಮೊಳಕಾಲ್ಮೂರಿನೋರು ಬಂದ್ರು, ತಡಿರಿ ತಡಿರಿ" ಎನ್ನುವರು, ಕಾಲು ಬಿದ್ದ ಮೇಲೆ ಮೈದಾನವೇ ಉಸಿರು ಹಿಡಿಯುವುದು, ಆಮೇಲೆ ಧಮ್ಮೆಂದು ಪೆಟ್ಟು. ಆ ಪೆಟ್ಟು ನನ್ನದು. ಈ ಮಾತನ್ನು ನಾನು ಇಷ್ಟು ವರ್ಷ ಯಾರೂ ಕೇಳದಿದ್ದರೂ ಹೇಳಿಕೊಂಡು ಬಂದಿದ್ದೇನೆ.

ಇಷ್ಟೆಲ್ಲ ನೆನಪಾಗಿದ್ದು ಮೊನ್ನೆ ಫೋನಿಗೆ ಬಂದ ಒಂದು ವಿಡಿಯೋದಿಂದ. ನಮ್ಮ ಹೈಸ್ಕೂಲಿನಲ್ಲಿ ಈಗ ಹೆಣ್ಣುಮಕ್ಕಳ ಬ್ಯಾಂಡಿದೆ. ಕಲಿಸುವವರು ಪರಶುರಾಂಪುರದ ಕಡೆಯಿಂದ ಬಂದ ಕವಿತಾ ಟೀಚರ್. ಅವರು ಹಳೇ ನಡೆಯನ್ನು ಸುಲಭ ಮಾಡಿ ಅಭ್ಯಾಸ ಮಾಡಿಸುತ್ತಿದ್ದುದನ್ನು ಯಾರೋ ನಮ್ಮ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಸಣ್ಣ ಡ್ರಮ್ಮಿನ ಗಡಗಡ ಉರುಳಿಕೆಗಳು ಅರ್ಧಕ್ಕರ್ಧ ಇಲ್ಲ. ಕೊಳಲಿನ ಎರಡನೇ ಸುತ್ತು ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ದೊಡ್ಡ ಡ್ರಮ್ಮಿನ ಪೆಟ್ಟು ಕಾಲಿನ ಜೊತೆಗೇ ಬೀಳುತ್ತಿತ್ತು.

ಗುಂಪಿನಲ್ಲಿ ಬೆಂಕಿ ಬಿತ್ತು. "ಇದು ನಡೆಯಾ, ವಾಕಿಂಗಾ?" ಎಂದು ಒಬ್ಬ. "ಉರುಳಿಕೆ ತೆಗೆದ್ರೆ ಒಗ್ಗರಣೆ ಇಲ್ಲದ ಸಾರು" ಎಂದು ಇನ್ನೊಬ್ಬ. "ಈಗಿನ ಮಕ್ಕಳಿಗೆ ಓದೋದು ಎಷ್ಟೈತೆ, ಸುಲಭ ಮಾಡ್ಲಿ ಬಿಡ್ರಪ್ಪ" ಎಂದವನನ್ನು ಎಲ್ಲರೂ ಸೇರಿ ಅಟ್ಟಿದರು. ನಾನು ಗಮನಿಸಿದಂತೆ, ಬ್ಯಾಂಡಿನಲ್ಲಿ ಇದ್ದವರಿಗಿಂತ ಬೇಲಿಯಾಚೆ ನಿಂತು ಕೇಳಿದವರದ್ದೇ ಹೆಚ್ಚು ಕೂಗು. ನನ್ನ ಗೆಳೆಯ ಬಸವರಾಜ ಚಳ್ಳಕೆರೆಯ ಎದುರಾಳಿ ಶಾಲೆಯಲ್ಲಿ ತಾಳ ಹೊಡೆದವನು. ಅವನು ಸ್ಟುಡಿಯೋಗೇ ಬಂದು ಕೂತು ನಕ್ಕ. "ಲೇ ಸೀನ, ನಿಮ್ದೂ ನಮ್ಮಂಗೇ ಆತಲ್ಲೋ! ಇಷ್ಟು ವರ್ಷ ಅದೊಂದ್ ಪೆಟ್ಟು ಇಟ್ಕಂಡು ಎಷ್ಟು ಮೆರೆದೆ ನೀನು!"

ಭಾನುವಾರ ಬೆಳಗ್ಗೆಯೇ ನಾನು ರೇಷ್ಮೆಯ ಕೋಲನ್ನು ಚೀಲಕ್ಕೆ ಹಾಕಿಕೊಂಡು ಮೊಳಕಾಲ್ಮೂರು ಬಸ್ ಹತ್ತಿದೆ. ಶಾಲೆಯ ಮೈದಾನದಲ್ಲಿ ಅಭ್ಯಾಸ ನಡೆದಿತ್ತು. ಕವಿತಾ ಟೀಚರಿಗೆ ನನ್ನ ಮಗಳ ವಯಸ್ಸು. ನಾನು ಪರಂಪರೆ, ಇತಿಹಾಸ ಎಂದೆಲ್ಲ ದೊಡ್ಡ ಮಾತು ಆಡಿದೆ. ಅವರು ಸಮಾಧಾನದಿಂದ ಕೇಳಿಸಿಕೊಂಡರು.

"ಸಾರ್, ಇದು ನಮ್ಮ ಹೆಣ್ಮಕ್ಕಳ ಬ್ಯಾಂಡಿನ ಮೊದಲನೇ ಸ್ಪರ್ಧೆ. ಗೆದ್ದೋರು ಮಾತ್ರ ಜಿಲ್ಲೆಗೆ ಹೋಗ್ತಾರೆ. ಚಿತ್ರದುರ್ಗ ನೋಡ್ಬೇಕು ಅಂತ ಇವ್ರು ಎಷ್ಟು ದಿನದಿಂದ ಕುಣೀತಿದಾರೆ ಗೊತ್ತಾ? ಪೆಟ್ಟು ತಡ ಆದ್ರೆ ತೀರ್ಪುಗಾರ್ರು ಅಂಕ ಕಡಿತಾರೆ. ನಾನು ಹೇಳ್ಕೊಟ್ಟೂ ನೋಡ್ದೆ, ಇವ್ರಿಗೆ ಬರಾಕಿಲ್ಲ. ಇಪ್ಪತ್ತು ಜನ್ರಲ್ಲಿ ಮೂರು ಜನರ ಮನೇಲೂ ಈಗ ಮಗ್ಗ ಇಲ್ಲ." ಆಮೇಲೆ ನನ್ನ ಚೀಲದಿಂದ ಇಣುಕುತ್ತಿದ್ದ ಕೋಲನ್ನು ನೋಡಿ, "ನೀವೇ ಒಂದ್ಸಲ ಬಾರಿಸಿ ತೋರಿಸ್ರಿ ಸಾರ್" ಅಂದರು.

ತೋರಿಸಿದೆ. ಅಂದರೆ, ತೋರಿಸಲು ಹೋದೆ. ಡ್ರಮ್ಮಿನ ಪಟ್ಟಿ ನನ್ನ ಹೊಟ್ಟೆಯನ್ನು ಸುತ್ತಲಿಲ್ಲ. ಇಬ್ಬರು ಹುಡುಗಿಯರು ಹಿಂದಿನಿಂದ ಎಳೆದು ಹಿಡಿದುಕೊಂಡರು. ಎಡಗಾಲು ಹಾಕಿದೆ, ಕಾದೆ, ಹೊಡೆದೆ. ಎರಡು ಹೆಜ್ಜೆ ಸರಿ ಹೋಯಿತು. ಮೂರನೆಯದಕ್ಕೆ ಕೈ ಮೊದಲು ಬಿತ್ತು, ನಾಲ್ಕನೆಯದಕ್ಕೆ ಎರಡು ಸಲ ಬಿತ್ತು, ಐದನೆಯದಕ್ಕೆ ಬೀಳಲೇ ಇಲ್ಲ. ಹುಡುಗಿಯರು ನಗು ತಡೆಯಲು ಕೊಳಲುಗಳನ್ನು ಬಾಯಿಗೆ ಒತ್ತಿಕೊಂಡರು. ಕೆಲವು ಕೊಳಲು ತಾವಾಗಿಯೇ ಊದಿಕೊಂಡವು. ಪರಂಪರೆಯ ರಕ್ಷಕನಾಗಿ ಹೋದ ನಾನು ಬೆವರು ಒರೆಸಿಕೊಂಡು ಮೈದಾನದಿಂದ ಹೊರಗೆ ಬಂದೆ.

ನೇರ ಮನೆಗೆ ಹೋಗಲು ಮುಖವಿಲ್ಲದೆ ಕೊಂಡ್ಲಹಳ್ಳಿಯಲ್ಲಿ ಇಳಿದು ರುದ್ರಪ್ಪ ಮೇಷ್ಟ್ರನ್ನು ನೋಡಲು ಹೋದೆ. ಎಂಬತ್ತು ದಾಟಿದ್ದರೂ ಬೆನ್ನು ಇನ್ನೂ ಕವಾಯತಿನಲ್ಲೇ ಇದೆ. ಮೊಮ್ಮಕ್ಕಳ ಜೊತೆ ಜಗಲಿಯಲ್ಲಿ ಶೇಂಗಾ ಬಿಡಿಸುತ್ತಿದ್ದರು. ವಿಡಿಯೋ ತೋರಿಸಿ, "ನೋಡ್ರಿ ಸಾರ್, ನೀವು ಕೊಟ್ಟ ನಡೇನ ಹೆಂಗ್ ಕತ್ತರಿಸ್ಯಾರೆ, ಉರುಳಿಕೆ ಎರಡೇ ಉಳಿಸ್ಯಾರೆ" ಅಂದೆ. ಅವರು ಬೈಯುತ್ತಾರೆ, ಆ ಬೈಗುಳವನ್ನು ಹಾಗೇ ಗುಂಪಿಗೆ ಹಾಕಬಹುದು ಎಂಬ ಆಸೆ ನನಗೆ.

ಮೇಷ್ಟ್ರು ಎರಡು ಸಲ ನೋಡಿದರು. "ಚೆನ್ನಾಗಿ ಕತ್ತರಿಸ್ಯಾಳೆ ಹುಡುಗಿ" ಅಂದರು.

ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ.

"ನಾನು ಪೊಲೀಸ್ ಬ್ಯಾಂಡಲ್ಲಿ ಕಲ್ತಿದ್ದಾಗ ಈ ನಡೇಲಿ ಹನ್ನೆರಡು ಉರುಳಿಕೆ ಇದ್ವು ಕಣೋ. ನಿಮ್ ಕೈಲಿ ಆಗ್ಲಿಲ್ಲ, ನಾಲ್ಕು ಮಾಡ್ದೆ. ಕೊಳಲಿಂದೂ ಅರ್ಧ ಬಿಟ್ಟೆ. ನಮ್ ಪೊಲೀಸ್ ಬ್ಯಾಂಡಿನೋರು ಯಾರಾದ್ರೂ ನಿಮ್ದು ಕೇಳಿದ್ರೆ ನನ್ನ ಅಟ್ಟಾಡಿಸ್ಕೊಂಡು ಹೊಡೆಯೋರು."

ಇಷ್ಟು ವರ್ಷ ಮೆರೆದ ಹಳೇ ನಡೆಯೇ ನಮಗಾಗಿ ಮಾಡಿದ ಸುಲಭದ ನಡೆ! ನನಗೆ ನಗಬೇಕೋ ನೆಲದೊಳಗೆ ಹೋಗಬೇಕೋ ತಿಳಿಯಲಿಲ್ಲ. ಶೇಂಗಾ ತೆಗೆದುಕೊಂಡು ಬಿಡಿಸಲು ಕೂತೆ. ಮೇಷ್ಟ್ರು ಮುಂದುವರಿಸಿದರು.

"ಆದ್ರೆ ಆ ತಡದ ಪೆಟ್ಟು ಐತಲ್ಲ, ಅದು ನಾನು ತಂದಿದ್ದಲ್ಲ. ಎಲ್ಲೂ ಇರ್ಲಿಲ್ಲ ಅದು. ಅದು ನಿಮ್ಮಪ್ಪಂದು. ಅವನ್ ಕಾಲು ನೋಡ್ಕಂಡು ನಿಂತಿದ್ದೆ, ಆವತ್ತು ನಂಗೆ ನಾಚಿಕೆ ಆತು. ಇಂಥಾ ತಾಳ ಹೊಟ್ಟೇಲಿ ಇಟ್ಕಂಡಿರೋ ಮಕ್ಳಿಗೆ ತಾಳ ಬರಲ್ಲ ಅಂತ ಹೊಡ್ದಿದ್ನಲ್ಲ ಅಂತ. ಮಿಕ್ಕಿದ್ದು ಏನಾದ್ರೂ ಮಾಡ್ಕಳ್ಳಿ. ಅದೊಂದು ಹೋಗ್ಬಾರ್ದಿತ್ತು."

ಅಪ್ಪ ತೀರಿಕೊಂಡು ಬಹಳ ವರ್ಷವಾಗಿದೆ. ಅವರು ಒಂದು ಸಲವೂ ನಮ್ಮ ಬ್ಯಾಂಡನ್ನು ನೋಡಿದವರಲ್ಲ, ಆ ಹೊತ್ತಿಗೆ ಯಾವಾಗಲೂ ಮಗ್ಗದಲ್ಲಿ ಇರುತ್ತಿದ್ದರು. ಚಳ್ಳಕೆರೆಯ ಮೈದಾನ ಉಸಿರು ಹಿಡಿದು ಕಾದದ್ದು ನನ್ನ ಪೆಟ್ಟಿಗಲ್ಲ, ಅವರ ಪೆಟ್ಟಿಗೆ. ಬಸ್ಸಿನಲ್ಲಿ ಕೂತು ಇದನ್ನೇ ಯೋಚಿಸುತ್ತಿದ್ದ ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಹೆಮ್ಮೆ ಬಂತು.

ಮುಂದಿನ ಭಾನುವಾರ ಮತ್ತೆ ಹೋದೆ. ಈ ಸಲ ಭಾಷಣ ತೆಗೆದುಕೊಂಡು ಹೋಗಲಿಲ್ಲ. "ಮೇಡಂ, ನಡೆ ನೀವು ಮಾಡಿದಂಗೇ ಇರ್ಲಿ. ದೊಡ್ಡ ಡ್ರಮ್ಮಿನ ಹುಡುಗೀನ ಮಾತ್ರ ಒಂದ್ ಗಂಟೆ ನಮ್ಮಣ್ಣನ ಮನೆಗೆ ಕಳಿಸ್ತೀರಾ?" ಎಂದು ಕೇಳಿದೆ. ಟೀಚರ್ ಇಡೀ ಬ್ಯಾಂಡನ್ನೇ ಕರೆದುಕೊಂಡು ಬಂದರು. ನಮ್ಮಣ್ಣ ಈಗಲೂ ಅಪ್ಪನ ಮಗ್ಗದಲ್ಲೇ ನೇಯುತ್ತಾನೆ. ಇಪ್ಪತ್ತು ಹುಡುಗಿಯರು ನಡುಮನೆಗೆ ನುಗ್ಗಿದ್ದನ್ನು ಕಂಡು ಅತ್ತಿಗೆ ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟರು.

ದೊಡ್ಡ ಡ್ರಮ್ಮಿನ ಹುಡುಗಿಯ ಹೆಸರು ಅನುಷಾ. ಅವಳಪ್ಪ ದೇವಸಮುದ್ರದ ಕಡೆ ಕುರಿ ಸಾಕುವವರು. ಅವಳನ್ನು ಅಣ್ಣನ ಪಕ್ಕ ಗುಂಡಿಯ ಅಂಚಿನಲ್ಲಿ ಕೂರಿಸಿ, ಅವನ ಕಾಲಿನ ಪಕ್ಕ ಅವಳ ಕಾಲನ್ನೂ ಹಲಗೆಯ ಮೇಲೆ ಇಡಿಸಿದೆವು. ಮೊದಲು ಅವಳು ಬೆದರಿದಳು. ಅಣ್ಣ ನೇಯುತ್ತಾ ಹೋದ. ಮೊಳದಷ್ಟು ಸೀರೆ ಮುಂದೆ ಹೋಗುವ ಹೊತ್ತಿಗೆ ಅವಳು ತನ್ನ ತೊಡೆಯ ಮೇಲೆ ಅಂಗೈಯಿಂದ ಮೆಲ್ಲಗೆ ತಟ್ಟುತ್ತಿದ್ದಳು. ಕಾಲು ಮೊದಲು, ಕೈ ಆಮೇಲೆ. ಆಮೇಲೆ ಒಬ್ಬೊಬ್ಬರೇ ಗುಂಡಿಗೆ ಕಾಲಿಟ್ಟರು. ನಾನು ನನ್ನ ರೇಷ್ಮೆಯ ಕೋಲನ್ನು ಅನುಷಾಗೆ ಕೊಟ್ಟು ಬಂದೆ. ಮನೆಯಲ್ಲಿ ಜೇಡರಬಲೆಯ ವಿಚಾರಕ್ಕೆ ಏನು ಉತ್ತರ ಕೊಡುವುದೆಂದು ದಾರಿಯುದ್ದಕ್ಕೂ ಯೋಚಿಸಿದೆ.

ಆದರೆ ಟೀಚರ್ ಒಂದು ಮಾತು ಹೇಳಿಯೇ ಕಳಿಸಿದ್ದರು. "ಕಲಿತಿದ್ದು ಒಳ್ಳೇದೇ ಸಾರ್. ಸ್ಪರ್ಧೇಲಿ ಹೆಂಗ್ ಬಾರಿಸೋದು ಅಂತ ಮಾತ್ರ ಹುಡುಗೀರೇ ತೀರ್ಮಾನ ಮಾಡ್ತಾರೆ. ಜಿಲ್ಲೆಗೆ ಹೋಗ್ಬೇಕಾಗಿರೋರು ಅವ್ರು. ನಾನೂ ಅಲ್ಲ, ನೀವೂ ಅಲ್ಲ." "ಆಗ್ಲಿ ಮೇಡಂ" ಅಂದಿದ್ದೆ.

ಸ್ಪರ್ಧೆಯ ದಿನ ಫೋಟೋ ತೆಗೆಯುವ ನೆಪದಲ್ಲಿ ನಾನು ಚಳ್ಳಕೆರೆಯ ಮೈದಾನದ ಮುಂದಿನ ಸಾಲಿನಲ್ಲಿ ನಿಂತೆ. ಪಕ್ಕದಲ್ಲಿ ಬಸವರಾಜ. ವಾಟ್ಸಾಪ್ ಗುಂಪಿನ ಅರ್ಧ ಜನ ಅಲ್ಲೇ ಇದ್ದರು, ಇನ್ನೂ ಉರುಳಿಕೆಯ ಲೆಕ್ಕದಲ್ಲೇ ಜಗಳವಾಡುತ್ತಿದ್ದರು. ನಮ್ಮ ಹುಡುಗಿಯರು ಒಳಗೆ ಬಂದರು. ಡ್ರಮ್ಮಿನ ಹಿಂದೆ ಅನುಷಾಳ ಹಣೆ ಮಾತ್ರ ಕಾಣುತ್ತಿತ್ತು. ಅವಳ ಕೈಯಲ್ಲಿ ನನ್ನ ಕೋಲು ಇತ್ತು. ಹೊಸ ಕೆಂಪು ರೇಷ್ಮೆ ಸುತ್ತಿದ್ದರು, ಅತ್ತಿಗೆಯ ಕೆಲಸವೇ ಇರಬೇಕು. ಬರುವಾಗ ಬಸ್ಸಿನಲ್ಲಿ ಹುಡುಗಿಯರು ಏನು ತೀರ್ಮಾನ ಮಾಡಿದರು ಎಂದು ನನಗೆ ಯಾರೂ ಹೇಳಿರಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ. ಕ್ಯಾಮೆರಾ ಕಣ್ಣಿಗೆ ಹಚ್ಚಿಕೊಂಡೆ.

ಟೀಚರ್ ಕೈ ಎತ್ತಿದರು. ಇಪ್ಪತ್ತು ಎಡಗಾಲು ಒಟ್ಟಿಗೆ ನೆಲಕ್ಕೆ ಬಿದ್ದವು.

ಸದ್ದಿಲ್ಲ.

ಬಸವರಾಜ ನನ್ನ ತೋಳು ಹಿಡಿದುಕೊಂಡ. ಲಾಳಿ ಈ ಅಂಚಿನಿಂದ ಆ ಅಂಚಿಗೆ ಓಡುವಷ್ಟು ಹೊತ್ತು. ಆಮೇಲೆ ಧಮ್ಮೆಂದಿತು. ಹಿಂದೆ ಎಲ್ಲೋ ಒಬ್ಬ ಮುದುಕರು "ಬಂತಪ್ಪಾ!" ಎಂದು ಕೂಗಿದರು. ಆಮೇಲೆ ಎಷ್ಟು ಉರುಳಿಕೆ ಬಂದವೋ ಎಷ್ಟು ಹೋದವೋ ಯಾರೂ ಎಣಿಸಲಿಲ್ಲ. "ಲೇ ಸೀನ, ನಿಂದಕ್ಕಿಂತ ಚೆನ್ನಾಗೈತೆ ಕಣೋ" ಅಂದ ಬಸವರಾಜ, ಇನ್ನೂ ತೋಳು ಬಿಡದೆ. ನಿಜವಾಗಿಯೂ ಚೆನ್ನಾಗಿತ್ತು. ಉರುಳಿಕೆಗಳ ಗದ್ದಲ ಕಡಿಮೆಯಾದ್ದರಿಂದ ಆ ಪೆಟ್ಟು ಎಂದಿಗಿಂತ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಎರಡನೇ ಬಹುಮಾನ ಬಂತು. ಜಿಲ್ಲೆಗೆ ಹೋಗಲಿಲ್ಲ. ಕೊಳಲಿನ ಇಬ್ಬರು ಹುಡುಗಿಯರು ಅತ್ತರು. ನಾನು ಕ್ಯಾಮೆರಾ ಕೆಳಗಿಳಿಸಿದೆ. ಈ ಮುದುಕನ ಹಟಕ್ಕೆ ಮಕ್ಕಳ ಚಿತ್ರದುರ್ಗ ತಪ್ಪಿತಲ್ಲ ಎಂದು ನನ್ನನ್ನೇ ಬೈದುಕೊಂಡೆ. ಅಷ್ಟರಲ್ಲಿ ಅನುಷಾ ತೀರ್ಪುಗಾರರ ಚೀಟಿ ಹಿಡಿದುಕೊಂಡು ಓಡಿ ಬಂದಳು.

"ಸಾರ್, ನಮ್ ಬ್ಯಾಂಡ್ ಕೋಣೆ ಗೋಡೆ ಮ್ಯಾಲೆ ಹಳೇ ಚೀಟಿ ಐತಲ್ಲ, ಅದ್ರಲ್ಲಿ ಬರ್ದಿರೋದೇ ಇದ್ರಲ್ಲೂ ಬರ್ದಾರೆ ಸಾರ್! ನೋಡ್ರಿ, 'ಹೆಜ್ಜೆಗಿಂತ ಹಿಂದೆ' ಅಂತ!"

ಅತ್ತ ಹುಡುಗಿಯರೂ ಕಣ್ಣೊರೆಸಿಕೊಂಡು ಚೀಟಿ ನೋಡಲು ಮುತ್ತಿದರು. ಅದನ್ನು ಹಳೆಯದರ ಪಕ್ಕದಲ್ಲೇ ಅಂಟಿಸಬೇಕು, ಗೋಂದು ಯಾರು ತರುವುದು ಎಂದು ಅಲ್ಲೇ ಮಾತು ಶುರುವಾಯಿತು.

ಸಂಜೆ ಸ್ಟುಡಿಯೋದಲ್ಲಿ ಫೋಟೋಗಳನ್ನು ನೋಡಿದೆ. ಮೂವತ್ತು ವರ್ಷದ ಅನುಭವದ ಫೋಟೋಗ್ರಾಫರ್ ನಾನು, ಆ ಮೊದಲ ಪೆಟ್ಟಿನ ಫೋಟೋ ಒಂದನ್ನೇ ಕೆಡಿಸಿದ್ದೆ. ಪೂರ್ತಿ ಅಲ್ಲಾಡಿಹೋಗಿದೆ. ಮುಖ ಇಲ್ಲ, ಡ್ರಮ್ ಇಲ್ಲ, ಕೋಲಿನ ರೇಷ್ಮೆಯ ಒಂದು ಕೆಂಪು ಗೆರೆ ಮಾತ್ರ ಲಾಳಿಯ ಹಾಗೆ ಈ ಕೊನೆಯಿಂದ ಆ ಕೊನೆಗೆ ಓಡಿದೆ. ಅದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಸ್ಟುಡಿಯೋದ ಗೋಡೆಗೆ ತೂಗುಹಾಕಿದ್ದೇನೆ.

ಮೊನ್ನೆ ಗಿರಿಜಾ ಊಟದ ಡಬ್ಬಿ ತಂದವಳು ಅದರ ಮುಂದೆ ನಿಂತಳು. "ಏನ್ರೀ ಇದು, ಏನೂ ಕಾಣಾಕಿಲ್ಲ, ಯಾರ್ ಫೋಟೋ?" ಅಂದಳು.

"ನಮ್ಮಪ್ಪಂದು" ಅಂದೆ.